ನನ್ನ ಮನೆಯ ಬಾಯ್ಲರಿಗೆ ಸಗ್ಡೆನ್ ಕೈ ಹಾಕಿದ ದಿನ

ನನ್ನ ಮನೆಯ ಬಾಯ್ಲರನ್ನು ನಾನಲ್ಲದೆ ಬೇರೊಬ್ಬ ನರಮನುಷ್ಯ ಮುಟ್ಟಕೂಡದು!

ಏಳು ವರ್ಷದ ಹಿಂದೆ ಮನೆ ಬೆಚ್ಚಗಿಡುವ ಹಳೆಯ ಗ್ಯಾಸ್ ಬಾಯ್ಲರ್ ಕಿತ್ತು ಹೊಸದನ್ನು ನಮ್ಮ ಅಡುಗೆಮನೆಯ ಗೋಡೆಗೆ ಕೈಯಾರೆ ಕೂರಿಸಿದ ದಿನ ನಾನು ಮಾಡಿದ ಘನಘೋಷಣೆ ಇದು. ಕೊಟ್ಟ ಮಾತಿಗೆ ತಪ್ಪುವವನು ನಾನಲ್ಲ. ಯಾರೂ ಮುಟ್ಟಲಿಲ್ಲ. ನಾನೂ ಮುಟ್ಟಲಿಲ್ಲ ಎನ್ನುವುದು ಬೇರೆ ವಿಷಯ.

ನಾನು ಕ್ಲೈವ್ ಬ್ಯಾರಕ್ಲಫ್. ಕೀಥ್ಲಿ ಊರಿನಲ್ಲಿ ಮೂವತ್ತೊಂದು ವರ್ಷದಿಂದ ಬಾಯ್ಲರ್ ರಿಪೇರಿ ನನ್ನ ಕಸುಬು. ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸಿ ಎಂದು ಊರಿಗೆಲ್ಲ ಬುದ್ಧಿ ಹೇಳಿ ಹೇಳಿ ನನ್ನ ಗಂಟಲು ಕಟ್ಟಿದೆ. ನನ್ನ ಹೆಂಡತಿ ಗ್ಲೆನಿಸ್ ಪ್ರತಿ ಸೆಪ್ಟೆಂಬರಿನಲ್ಲಿ ಕೇಳುತ್ತಿದ್ದಳು.

"ನಮ್ಮದು ಯಾವಾಗ?"

"ಮುಂದಿನ ವಾರ."

"ಯಾವ ವರ್ಷದ ಮುಂದಿನ ವಾರ?"

ಇಂಥ ಪ್ರಶ್ನೆಗಳಿಗೆ ಉತ್ತರ ಕೊಡುವುದು ನನ್ನ ಘನತೆಗೆ ತಕ್ಕುದಲ್ಲ.

ನಮ್ಮ ಊರಿನಲ್ಲಿ ಇನ್ನೊಬ್ಬ ಬಾಯ್ಲರಿನವನಿದ್ದಾನೆ, ಬ್ಯಾರಿ ಸಗ್ಡೆನ್. ನಾನು ಅವನಿಗಿಟ್ಟ ಹೆಸರು 'ಹತ್ತು ನಿಮಿಷದ ಸಗ್ಡೆನ್'. ಬರುತ್ತಾನೆ, ಬಾಯ್ಲರಿನ ಮೈ ಒರೆಸುತ್ತಾನೆ, ಚಹಾ ಕುಡಿಯುತ್ತಾನೆ, ಚೀಟಿ ಅಂಟಿಸಿ ಹೋಗುತ್ತಾನೆ. ಹೀಗೆಂದು ಇಪ್ಪತ್ತು ವರ್ಷದಿಂದ ನಾನು ಊರಿಡೀ ಹೇಳಿಕೊಂಡು ಬಂದಿದ್ದೇನೆ. ಅವನು ಕೆಲಸ ಮಾಡುವುದನ್ನು ನಾನು ಕಣ್ಣಾರೆ ನೋಡಿಲ್ಲ. ನೋಡಬೇಕಾದ ಅಗತ್ಯವೇ ಕಂಡಿರಲಿಲ್ಲ.

ಈ ಸಲ ಗ್ಲೆನಿಸ್ ಉಪಾಯವಾಗಿ ಬಂದಳು. ಅವಳು ಇಲ್ಲಿನ ಮಹಿಳಾ ಸಂಘದ ಕಾರ್ಯದರ್ಶಿ. "ಸರಿಯಾದ ಸರ್ವಿಸ್ ಅಂದ್ರೆ ಏನೇನು ಮಾಡ್ಬೇಕು ಅಂತ ನಮ್ಮ ಸಂಘದಲ್ಲಿ ಮಾತಾಡ್ತೀಯಾ? ಎಲ್ಲರಿಗೂ ಕೇಳೋ ಆಸೆ" ಎಂದಳು. ಚರ್ಚಿನ ಸಭಾಂಗಣದಲ್ಲಿ ಒಂದು ಗಂಟೆ ಗುಡುಗಿದೆ. ಮುಚ್ಚಳ ಬಿಚ್ಚದೆ ಮಾಡಿದ್ದು ಸರ್ವಿಸ್ಸಲ್ಲ, ಮೋಸ ಎಂದೆ. ಬಂದವನ ಗ್ಯಾಸ್ ಲೈಸೆನ್ಸ್ ಕಾರ್ಡ್ ಕೇಳಬೇಕು, ಬರ್ನರ್ ನೋಡಬೇಕು, ಹೊಗೆ ಕೊಳವೆ ನೋಡಬೇಕು, ಗ್ಯಾಸಿನ ಒತ್ತಡ ಅಳೆಯಬೇಕು, ಹೊಗೆಯಲ್ಲಿ ವಿಷ ಎಷ್ಟಿದೆ ಎಂದು ಯಂತ್ರ ಹಿಡಿದು ನೋಡಬೇಕು, ಸರ್ವಿಸ್ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಒಟ್ಟು ಹನ್ನೊಂದು ಅಂಶ. ಭಾರೀ ಚಪ್ಪಾಳೆ! ಮೊದಲ ಸಾಲಿನಲ್ಲಿ ಕೂತ ಗ್ಲೆನಿಸ್ ತಲೆ ಎತ್ತದೆ ಬರೆದುಕೊಳ್ಳುತ್ತಿದ್ದಳು. ಮದುವೆಯಾದಾಗಿನಿಂದ ಅವಳು ನನ್ನ ಮಾತನ್ನು ಇಷ್ಟು ಶ್ರದ್ಧೆಯಿಂದ ಕೇಳಿದ್ದು ಅದೇ ಮೊದಲು. ಆಗಲೇ ಅನುಮಾನ ಬರಬೇಕಿತ್ತು.

ಮುಂದಿನ ಗುರುವಾರ ಊಟಕ್ಕೆಂದು ಮನೆಗೆ ಬಂದರೆ ಬಾಗಿಲಲ್ಲಿ ಸಗ್ಡೆನ್ನನ ವ್ಯಾನು! ಮಗ್ಗುಲಲ್ಲಿ ಅಂಗೈ ಅಗಲದ ಅಕ್ಷರದಲ್ಲಿ ಅವನ ಹೆಸರು. ಎದುರುಮನೆಯ ಮಿಸೆಸ್ ಪಿಕಲ್ಸ್ ಪರದೆ ಸರಿಸಿ ನೋಡುತ್ತಿದ್ದಾಳೆ. ಬ್ಯಾರಕ್ಲಫ್ ಮನೆಯ ಬಾಯ್ಲರನ್ನು ಸಗ್ಡೆನ್ ಸರ್ವಿಸ್ ಮಾಡಿದ ಎಂಬ ಸುದ್ದಿ ಒಮ್ಮೆ ಪೇಟೆ ಸೇರಿದರೆ ನನ್ನ ಮೂವತ್ತೊಂದು ವರ್ಷದ ಹೆಸರು ಮಣ್ಣುಪಾಲು. ಅವನ ವ್ಯಾನು ಮರೆಯಾಗುವಂತೆ ನನ್ನ ವ್ಯಾನು ನಿಲ್ಲಿಸಿದೆ. ಈಗ ಎರಡೂ ಒಟ್ಟಿಗೆ ನಿಂತು ಪಾಲುದಾರರ ಅಂಗಡಿಯಂತೆ ಕಂಡವು.

ಒಳಗೆ ಸಗ್ಡೆನ್ ನನ್ನ ಕುರ್ಚಿಯಲ್ಲಿ ಕೂತು ಹಣ್ಣಿನ ಕೇಕಿನ ಜೊತೆ ಚೀಸ್ ತಿನ್ನುತ್ತಿದ್ದ. ಡಾಕ್ಟರು ಬೇಡವೆಂದಿದ್ದಾರೆ ಎಂದು ಗ್ಲೆನಿಸ್ ನನಗೆ ಮಾರ್ಚಿನಿಂದ ತೋರಿಸದ ಚೀಸ್ ಅದು.

"ಗ್ಲೆನಿಸ್, ಇದೇನಿದು?"

"ಸರ್ವಿಸ್. ನೀನೇ ಹೇಳಿದ್ಯಲ್ಲ, ಒಂದು ವರ್ಷ ತಪ್ಪಿಸಿದ್ರೂ ಅಪಾಯ ಅಂತ. ನಂಗೆ ಭಯ ಆಯ್ತು."

ನಾನು ಸೊಂಟದ ಮೇಲೆ ಕೈಯಿಟ್ಟು ಸಗ್ಡೆನ್ನನ ಎದುರು ನಿಂತೆ. "ನಿನ್ನ ಗ್ಯಾಸ್ ಕಾರ್ಡ್ ತೋರಿಸು. ನನ್ನ ಹನ್ನೊಂದರ ಪಟ್ಟಿಯಲ್ಲಿ ಅದೇ ಮೊದಲನೇದು."

"ಇಪ್ಪತ್ತು ವರ್ಷದ ಗುರುತು ಕಣಯ್ಯ ನಮ್ಮದು."

"ತೋರಿಸು."

ತೋರಿಸಿದ.

"ಫೋಟೋದಲ್ಲಿರೋದು ನೀನಲ್ಲ."

"ಆಗ ತಲೇಲಿ ಕೂದಲಿತ್ತು."

ಗ್ಲೆನಿಸ್ ಕನ್ನಡಕ ಏರಿಸಿ ಪಟ್ಟಿಯ ಮೊದಲ ಸಾಲಿಗೆ ಗುರುತು ಹಾಕಿದಳು. ಕೆಲಸ ಶುರುವಾಯಿತು. ನಾನು ಅವನ ಹೆಗಲ ಮೇಲೆ ಗದ್ದವಿಟ್ಟಷ್ಟು ಹತ್ತಿರ ನಿಂತು ಕಾವಲು ಕಾದೆ. ಹೀಗೆ ಬೆನ್ನಿಗೆ ಬೀಳುವ ಗಿರಾಕಿಗಳನ್ನು ನಾನು ಜೀವಮಾನವಿಡೀ ಶಪಿಸಿದ್ದೇನೆ. ಅವರ ಸುಖ ಏನೆಂದು ಅವತ್ತು ತಿಳಿಯಿತು. ಹತ್ತು ನಿಮಿಷ ಕಳೆಯಿತು. ಅವನು ಎದ್ದು ಹೊರಡುತ್ತಾನೆಂದು ಗಡಿಯಾರ ನೋಡಿದೆ. ಅವನು ಇನ್ನೂ ಮುಚ್ಚಳ ಬಿಚ್ಚುತ್ತಿದ್ದ.

"ನಾಲ್ಕು ಸ್ಕ್ರೂ ಇರ್ಬೇಕು, ಒಂದೇ ಇದೆ" ಎಂದ.

"ಅದು ಗಟ್ಟಿಯಾಗಿದೆ."

"ಕ್ಲೈವ್, ಒಂದು ಸ್ಕ್ರೂ ಬಿಟ್ಟು ಹೋಗೋನೂ ಅಪರಾಧಿ ಅಂತ ಸಂಘದಲ್ಲಿ ಹೇಳಿದ್ಯಲ್ಲ" ಎಂದಳು ಗ್ಲೆನಿಸ್, ತನ್ನ ಟಿಪ್ಪಣಿ ನೋಡಿಕೊಂಡು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ಸಗ್ಡೆನ್ ಬರ್ನರ್ ತೆಗೆದು ಉಜ್ಜಿದ. ನೀರು ಬಸಿಯುವ ಬಟ್ಟಲನ್ನು ಸಿಂಕಿನಲ್ಲಿ ಬೋರಲು ಹಾಕಿದಾಗ ಏಳು ವರ್ಷದ ಕರಿ ಕೆಸರು ದೊಪ್ಪನೆ ಬಿತ್ತು. ಸರ್ವಿಸ್ ಪುಸ್ತಕ ತೆರೆದು, "ತುಂಬ ಚೊಕ್ಕವಾಗಿ ಇಟ್ಕೊಂಡಿದ್ದೀಯಪ್ಪ. ಒಂದಕ್ಷರ ಗೀಚಿಲ್ಲ" ಎಂದ. ನಾನು ಜಗ್ಗಲಿಲ್ಲ. "ಗ್ಯಾಸಿನ ಒತ್ತಡ ಇನ್ನೊಂದ್ಸಲ ಅಳೆ" ಎಂದೆ. ಮರುಮಾತಿಲ್ಲದೆ ಅಳೆದ. ಅದೇ ನನಗೆ ಇನ್ನೂ ಉರಿ.

ಆಮೇಲೆ ಮುಚ್ಚಳದ ಅಂಚಿನ ರಬ್ಬರ್ ಪಟ್ಟಿಯನ್ನು ಕಿತ್ತು ನನ್ನ ಕೈಗೆ ಕೊಟ್ಟ. ಒಣಗಿ ಹಪ್ಪಳವಾಗಿತ್ತು. ಬಾಗಿಸಿದೆ, ಮುರಿಯಿತು. ಒಳಗಿನ ಹೊಗೆ ಅಡುಗೆಮನೆಗೆ ಬರದಂತೆ ತಡೆಯುವುದು ಅದೊಂದೇ. ಆ ವಿಷದ ಹೊಗೆಗೆ ಬಣ್ಣವಿಲ್ಲ, ವಾಸನೆಯಿಲ್ಲ.

"ಮನೆ ಗಾಳೀನ ಮೊದಲೇ ಅಳೆದೆ. ಸೊನ್ನೆ" ಎಂದ ಸಗ್ಡೆನ್, ದನಿ ತಗ್ಗಿಸಿ. "ಆದ್ರೆ ಈ ಪಟ್ಟಿ ಚಳಿಗಾಲ ತಡೀತಿತ್ತು ಅಂತ ನಾನು ಹೇಳಲ್ಲ, ಕ್ಲೈವ್."

ಗ್ಲೆನಿಸ್ ಜನವರಿಯಲ್ಲಿ ಕಿಟಕಿ ಮುಚ್ಚಿಕೊಂಡು ಇದೇ ಬಾಯ್ಲರಿನ ಕೆಳಗೆ ದಿನಗಟ್ಟಲೆ ಕಿತ್ತಳೆ ಮಾರ್ಮಲೇಡ್ ಕುದಿಸುತ್ತಾಳೆ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಆದರೆ ಸಗ್ಡೆನ್ನನ ಎದುರು ಅದನ್ನು ಒಪ್ಪಿಕೊಳ್ಳುವುದೇ? "ಹೊಸ ಪಟ್ಟಿ ಸರಿಯಾಗಿ ಕೂರಿಸು, ಸುಕ್ಕು ಬರಬಾರದು" ಎಂದು ಗದರಿದೆ.

ಒಂದೂಮುಕ್ಕಾಲು ಗಂಟೆ! ಹನ್ನೊಂದಕ್ಕೆ ಹನ್ನೊಂದೂ ಮುಗಿಸಿ, ನಾಲ್ಕು ಸ್ಕ್ರೂ ಬಿಗಿದು, ಸಹಿ ಹಾಕಿದ. ಬಾಗಿಲವರೆಗೆ ಬಿಡಲು ಹೋದೆ.

"ಎಲ್ಲರ ಮನೇಲೂ ಹೀಗೇ ಮಾಡ್ತೀಯಾ?"

"ಮಾಡ್ತೀನಿ. ನಮ್ಮನೇಲಿ ಬಿಟ್ಟು. ನಮ್ಮದು ಮಾಡಿ ಒಂಬತ್ತು ವರ್ಷ ಆಯ್ತು. ಯಾರಿಗೂ ಹೇಳ್ಬೇಡ, ನಾನೂ ಹೇಳಲ್ಲ."

ಅವನ ವ್ಯಾನು ತಿರುವು ದಾಟಿದ್ದೇ ತಡ, ನಾನು ನನ್ನ ಚೀಲ ತಂದು ಬಾಯ್ಲರಿನ ಮುಚ್ಚಳ ಮತ್ತೆ ಬಿಚ್ಚಿದೆ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಬಾರದು! ಹನ್ನೊಂದು ಅಂಶವನ್ನೂ ಒಂದೊಂದಾಗಿ ಪರೀಕ್ಷಿಸಿದೆ. ಎರಡು ಗಂಟೆ ಹುಡುಕಿದರೂ ಎಳ್ಳಷ್ಟು ತಪ್ಪು ಸಿಗಲಿಲ್ಲ. "ಪರವಾಗಿಲ್ಲ, ನಾನು ಮಾಡಿದ್ದಕ್ಕೆ ಈಗ ಒಂದು ಕಳೆ ಬಂತು" ಎಂದು ಗ್ಲೆನಿಸ್‌ಗೆ ಹೇಳಿ ಕೈ ಒರೆಸಿಕೊಂಡೆ.

"ಏಳು ವರ್ಷ ಒಂದೂ ಇಲ್ಲ, ಒಂದೇ ದಿನ ಎರಡು ಸರ್ವಿಸ್" ಎಂದಳು ಅವಳು ನಿಧಾನಕ್ಕೆ, ಏನೋ ಲೆಕ್ಕ ಹಾಕುವವಳಂತೆ. "ಹಾಗಾದ್ರೆ ಮೇಲಿನ ಬಚ್ಚಲಲ್ಲಿ ನಲ್ಲಿ ತೊಟ್ಟಿಕ್ತಿದೆಯಲ್ಲ, ಅದಕ್ಕೂ ಸಗ್ಡೆನ್‌ಗೇ ಫೋನ್ ಮಾಡ್ಲಾ?"

ನಾನು ಸ್ಪ್ಯಾನರ್ ಹಿಡಿದು ಮೆಟ್ಟಿಲನ್ನು ಎರಡೆರಡಾಗಿ ಹತ್ತಿದೆ. ಹನ್ನೆರಡು ನಿಮಿಷದಲ್ಲಿ ನಲ್ಲಿ ಸರಿಮಾಡಿ, ಬೆವರು ಸುರಿಸುತ್ತ ಕೆಳಗೆ ಓಡಿ ಬಂದೆ.

"ಫೋನ್ ಇಡು! ಆಯ್ತು ಅಂತ ಹೇಳು ಅವನಿಗೆ!"

ಗ್ಲೆನಿಸ್ ಕೇಕು ತಿನ್ನುತ್ತ ಕೂತಿದ್ದಳು. ಫೋನು ಕಪಾಟಿನ ಮೇಲೆ ಚಾರ್ಜಿಗೆ ಹಾಕಿದ್ದಲ್ಲೇ ಇತ್ತು.

"ಪಾಪ, ಅವನಿಗ್ಯಾಕೆ ತೊಂದರೆ?" ಎಂದಳು. "ಹೆಸರು ಹೇಳಿದ್ರೆ ಸಾಕಾಗುತ್ತಲ್ಲ."