ಕುಸುಬಿ ಎಣ್ಣೆಯ ಬ್ರೇಕು

ಈಗಿನವರು ಪಿಕಪ್ ಎನ್ನುವ ಗಾಡಿಯನ್ನು ಆಗ ನಾವು ಅರ್ಧ ಲಾರಿ ಎನ್ನುತ್ತಿದ್ದೆವು. ಮುಂದೆ ಇಬ್ಬರು ಕೂರಬಹುದು, ಹಿಂದೆ ಇಪ್ಪತ್ತು ಡಬ್ಬಿ ಎಣ್ಣೆ ಇಡಬಹುದು. ನಿಜಾಮರ ಆಳ್ವಿಕೆ ಮುಗಿದು ಮೂರ್ನಾಲ್ಕು ವರ್ಷವಾಗಿತ್ತು. ಮಿಲಿಟರಿಯವರು ಬೇಡವೆಂದು ಬಿಟ್ಟ ಮೂರು ಅರ್ಧ ಲಾರಿಗಳು ಹರಾಜಿನಲ್ಲಿ ನಮ್ಮ ಕಡೆ ಬಂದವು. ಒಂದನ್ನು ಲಿಂಗಸುಗೂರಿನ ಕಟ್ಟಿಗೆ ವ್ಯಾಪಾರಿ ವೀರಭದ್ರಪ್ಪ ಹಿಡಿದ. ಇನ್ನೊಂದನ್ನು ಸಿಂಧನೂರಿನ ಹತ್ತಿ ವ್ಯಾಪಾರಿ ರಾಚಪ್ಪ ಹಿಡಿದ. ಮೂರನೆಯದನ್ನು ಹಿಡಿದವನು ಮಸ್ಕಿಯ ಗಾಣದ ಶಂಕ್ರಪ್ಪ, ಅಂದರೆ ನಾನು. ಮಿಲಿಟರಿಯವರಿಗೆ ಅವು ಯಾಕೆ ಬೇಡವಾದವು ಎಂದು ಮೂವರಲ್ಲಿ ಒಬ್ಬನೂ ಕೇಳಲಿಲ್ಲ!

ನನಗೆ ಗಾಡಿಯ ವಿಷಯ ಏನೂ ಗೊತ್ತಿರಲಿಲ್ಲ. ಎಣ್ಣೆಯ ವಿಷಯ ಎಲ್ಲವೂ ಗೊತ್ತಿತ್ತು. ನಮ್ಮ ಗಾಣದ ಕುಸುಬಿ ಎಣ್ಣೆಗೆ ಎರಡು ತಾಲೂಕಿನಲ್ಲಿ ಹೆಸರಿತ್ತು. ಪಲ್ಯಕ್ಕೆ ಅದೇ, ಸೊಂಟನೋವಿಗೆ ಅದೇ, ಕಿರುಗುಟ್ಟುವ ಬಾಗಿಲಿಗೂ ಅದೇ ಎಂದು ಹೇಳಿಕೊಂಡು ತಿರುಗುವವನು ನಾನು. ಹೀಗಿರುವಾಗ ಬ್ರೇಕಿನ ಎಣ್ಣೆ ತಳ ಮುಟ್ಟಿತು. ಅದು ಹೈದರಾಬಾದಿನಿಂದಲೇ ಬರಬೇಕು, ಹದಿನೈದು ದಿನ ಕಾಯಬೇಕು ಎಂದರು. ನನಗೆ ನಗು ಬಂತು. ಗಾಣದವನ ಮನೆಯಲ್ಲಿ ಎಣ್ಣೆಗೆ ಬರವೇ?

ನಾನು ತಂಬಿಗೆ ತುಂಬ ಎಣ್ಣೆ ಹಿಡಿದು ಹೊರಟಾಗ ಹೆಂಡತಿ ಈರಮ್ಮ ಅಡ್ಡ ಬಂದಳು.

"ಏನ್ ಮಾಡಾಕತ್ತೀರಿ?"

"ಬ್ರೇಕಿಗೆ ಎಣ್ಣಿ ಹಾಕಾಕತ್ತೀನಿ."

"ಕುಸುಬಿ ಎಣ್ಣಿನಾ? ಅದು ನಾಕ ದಿನ ಕುಂತ್ರ ಅಂಟಾಗ್ತದರಿ! ಎಣ್ಣಿ ಡಬ್ಬಿ ತಿಕ್ಕಿ ತಿಕ್ಕಿ ನನ್ನ ಉಗುರು ಸವದಾವ."

"ಅದು ನಿನ್ನ ಡಬ್ಬಿ, ಇದು ಮಿಷನ್ನು. ಅಡಗಿಮನಿ ಮಾತು ಇಲ್ಲಿ ತರಬ್ಯಾಡ."

ಅವಳು ಸುಮ್ಮನೆ ಒಳಗೆ ಹೋದಳು. ಅವಳು ಒಳಗೆ ಹೋದಾಗಲೆಲ್ಲ ನಾನು ಗೆದ್ದೆನೆಂದು ಇಪ್ಪತ್ತು ವರ್ಷದಿಂದ ತಿಳಿದಿದ್ದೆ.

ಬ್ರೇಕು ಹಿಡಿಯಿತು! ಮೊದಲಿಗಿಂತ ಮೆತ್ತಗೆ, ಮೊದಲಿಗಿಂತ ಚೆನ್ನಾಗಿ ಹಿಡಿಯಿತು. ಈ ಮಹಾ ಸಂಶೋಧನೆಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವಷ್ಟು ಸಣ್ಣವನು ನಾನಲ್ಲ. ಲಿಂಗಸುಗೂರಿಗೊಂದು ಡಬ್ಬಿ, ಸಿಂಧನೂರಿಗೊಂದು ಡಬ್ಬಿ ಕಳಿಸಿದೆ. "ಬ್ರೇಕಿಗೆ ಇದನ್ನ ಹಾಕ್ರಿ, ನನ್ನ ಮ್ಯಾಲ ಭಾರ" ಎಂದು ಹೇಳಿಯೂ ಕಳಿಸಿದೆ.

ತಿಂಗಳೊಪ್ಪತ್ತಿನಲ್ಲಿ ಇಬ್ಬರೂ ಗೋಳಾಡುತ್ತ ಬಂದರು. ವೀರಭದ್ರಪ್ಪನ ಗಾಡಿ ಅವನ ಕಟ್ಟಿಗೆ ಅಡ್ಡೆಯ ಗೋಡೆಯನ್ನೇ ಕೆಡವಿತ್ತು. ರಾಚಪ್ಪನ ಗಾಡಿಯ ಬ್ರೇಕು ತುಳಿದರೆ ಇಳಿಯುತ್ತಿರಲಿಲ್ಲ, ಇಳಿದರೆ ಏಳುತ್ತಿರಲಿಲ್ಲ. ಅವರ ಗಾಡಿಗಳು ದಿನಾ ದುಡಿಯುತ್ತಿದ್ದವು. ನನ್ನದು ಹೆಚ್ಚಾಗಿ ಮನೆ ಮುಂದೆ ಶೋಭೆಗೆ ನಿಲ್ಲುತ್ತಿತ್ತು, ಹಾಗಾಗಿ ಅದರೊಳಗೆ ಏನಾಗಿದೆಯೆಂದು ನನಗಿನ್ನೂ ಗೊತ್ತಾಗಿರಲಿಲ್ಲ.

"ಇದು ಮಾರಿದವರ ಮೋಸ! ರಪೋಟು ಮಾಡೂಣು" ಎಂದು ನಾನು ಗುಡುಗಿದೆ.

ಅಂದೇ ಸಂಘವೊಂದು ಹುಟ್ಟಿತು. ಸದಸ್ಯರು ಮೂವರು, ಅಧ್ಯಕ್ಷ ನಾನು. ನನ್ನ ಅಕ್ಷರ ನನಗೇ ತಿಳಿಯುವುದಿಲ್ಲ, ಆದ್ದರಿಂದ ಮಗಳು ನೀಲವ್ವನನ್ನು ಕೂರಿಸಿ ಬರೆಸಿದೆ. ಹರಾಜು ಕೂಗಿದ ಕಚೇರಿಯ ಸನ್ನಿಧಾನಕ್ಕೆ, ಸಿಂಧನೂರು, ಲಿಂಗಸುಗೂರು, ಮಸ್ಕಿ ಅರ್ಧ ಲಾರಿ ಮಾಲೀಕರ ಸಂಘದ ಅಧ್ಯಕ್ಷನು ಸವಿನಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಾವು ಮಾರಿದ ಗಾಡಿಗಳ ಬ್ರೇಕುಗಳು ಹುಟ್ಟಿನಿಂದಲೇ ದುಷ್ಟ ಸ್ವಭಾವದವಾಗಿದ್ದು...

"ಅಪ್ಪಾ, ಎಣ್ಣಿ ಸುದ್ದಿ ಬರಿಯಂಗಿಲ್ಲೇನು?" ಎಂದಳು ನೀಲವ್ವ.

"ಹೇಳಿದಷ್ಟ ಬರಿ."

ಬರೆದಳು. ಮುತ್ತು ಪೋಣಿಸಿದಂಥ ಅಕ್ಷರ ಅವಳದು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಡಿಸಿದ್ದೆ. ಆಮೇಲೆ ಮನೆಗೆ ಬಂದ ಪೊಟ್ಟಣದ ಕಾಗದವನ್ನೂ ಬಿಡದೆ ಓದುತ್ತಿದ್ದಳು. ಬಂದ ಎರಡು ಸಂಬಂಧಗಳಿಗೆ ಅತ್ತು ಅತ್ತು ಬೇಡವೆಂದಿದ್ದಳು. ಮೂರನೆಯದು ಸಿಂಧನೂರಿನ ಶಾಲೆಯ ಮಾಸ್ತರನದು. ಮದುವೆಯಾದ ಮೇಲೂ ಹುಡುಗಿಯನ್ನು ಓದಿಸುತ್ತೇನೆ ಎಂದು ಆತ ಹೇಳಿಕಳಿಸಿದ್ದ. ನೀಲವ್ವ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಮರುದಿನ ಯಾರೂ ಹೇಳದೆ ಅಂಗಳವನ್ನೆಲ್ಲ ಸಾರಿಸಿ ರಂಗೋಲಿ ಹಾಕಿದಳು.

ಹೆಣ್ಣು ನೋಡುವ ದಿನ ಗೊತ್ತಾಯಿತು.

"ಚಕ್ಕಡಿ ಕಟ್ಟಿ ಕಳಸ್ರಿ. ತಡಾ ಆದ್ರೂ ಚಿಂತಿಲ್ಲ" ಎಂದಳು ಈರಮ್ಮ.

"ಅರ್ಧ ಲಾರಿ ಇದ್ದಾಂವನ ಮನಿಗೆ ಬೀಗರು ಚಕ್ಕಡ್ಯಾಗ ಬರಬೇಕೇನು? ನನ್ನ ಮರ್ಯಾದಿ ಏನಾದೀತು!"

ಈರಮ್ಮ ಮತ್ತೆ ಒಳಗೆ ಹೋದಳು. ನಾನು ಮತ್ತೆ ಗೆದ್ದೆ.

ಅರ್ಧ ಲಾರಿ ಒಯ್ದು, ಬೀಗರನ್ನು ಹತ್ತಿಸಿಕೊಂಡು ಸಿಂಧನೂರಿನಿಂದ ಹೊರಟೆವು. ಪಕ್ಕದಲ್ಲಿ ಮಾಸ್ತರನ ಅಜ್ಜಿ ಸಂಗಮ್ಮ. ಆ ಮನೆಯಲ್ಲಿ ಅವರ ಮಾತೇ ಕೊನೆ. ಹಿಂದೆ ಜಮಖಾನದ ಮೇಲೆ ಮಾಸ್ತರ ಮತ್ತು ಅವನ ತಂದೆ. ಹೋಗುವಾಗ ಹೇಗೋ ಹಿಡಿದಿದ್ದ ಬ್ರೇಕು ಬರುವ ದಾರಿಯುದ್ದಕ್ಕೂ ಬೇಕಾಗಲೇ ಇಲ್ಲ. ನಾನು ನನ್ನ ಎಣ್ಣೆಯ ಗುಣಗಾನ ಮಾಡುತ್ತ ಬಂದೆ. ಅಜ್ಜಿ ಮೆಚ್ಚಿ ತಲೆದೂಗಿದರು.

ಮಸ್ಕಿಗೆ ಬಂದೆವು. ನಮ್ಮ ಮನೆ ಇರುವುದು ಇಳಿಜಾರಿನ ಓಣಿಯಲ್ಲಿ. ಬಾಗಿಲಿಗೆ ತೋರಣ ಕಟ್ಟಿತ್ತು, ಒಳಗಿನಿಂದ ಮಂಡಕ್ಕಿ ಒಗ್ಗರಣೆಯ ವಾಸನೆ ಓಣಿಗೆಲ್ಲ ಬರುತ್ತಿತ್ತು. ಬಂದವರ ಕಾಲಿಗೆ ನೀರು ಕೊಡಲು ನೋಡಿಸಿಕೊಳ್ಳುವ ಹುಡುಗಿ ಹೊರಗೆ ಬರುವ ರೂಢಿಯಿಲ್ಲ. ಆದರೂ ನೀಲವ್ವ ತಾನೇ ತಂಬಿಗೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು.

ನಾನು ಬ್ರೇಕು ತುಳಿದೆ. ಅದು ಅಲುಗಲಿಲ್ಲ. ಎರಡೂ ಕಾಲಲ್ಲಿ ತುಳಿದೆ. ಕಲ್ಲು! ಕೈಬ್ರೇಕು ಎಳೆದೆ. ಅದು ಕಿತ್ತು ನನ್ನ ಕೈಯಲ್ಲೇ ಉಳಿಯಿತು.

"ತೋರಣ ಕಟ್ಟಿದ್ದು ನಿಮ್ಮ ಮನಿನ ಅಲ್ಲೇನಪಾ?" ಎಂದರು ಅಜ್ಜಿ.

"ಹೌದರಿ ಅವ್ವಾ."

"ಮತ್ತ ಮುಂದ ಯಾಕ ಹೊಂಟಿ?"

"ಮದ್ಲ... ಊರು ತೋರಸಾಕತ್ತೀನ್ರಿ!"

ಊರು ತೋರಿಸಿದೆ. ಸಂತೆಯ ಬದನೆಕಾಯಿ ರಾಶಿಯನ್ನು ತೋರಿಸಿದೆ, ಅದರ ಮೇಲೆಯೇ ಹಾಯ್ದೆವು. ಬಳೆಗಾರನ ಅಂಗಡಿ ತೋರಿಸಿದೆ. ಆತ ಬಳೆ ಬಿಟ್ಟು ಕಟ್ಟೆ ಏರಿದ. ನಾನು ಹಾರ್ನು ಒತ್ತಿದೆ, ಅಜ್ಜಿ ದೇವರನ್ನು ಕರೆದರು. ಊರಾಚೆ ಯಾರದೋ ಕಣದಲ್ಲಿದ್ದ ಜೋಳದ ಕಣಿಕೆಯ ಬಣವೆಗೆ ತಲೆ ತೂರಿಸಿ ಗಾಡಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ, ಮೈತುಂಬ ಹೊಟ್ಟಷ್ಟೇ.

"ಬರ್ರಿ ಅವ್ವಾ, ನಡಕೊಂಡ ಹೋಗೂಣು. ಇಲ್ಲೇ ಮನಿ" ಎಂದೆ.

ಅಜ್ಜಿ ಸೆರಗು ಜಾಡಿಸಿಕೊಂಡರು. "ಹೆಣ್ಣು ನೋಡಾಕ ಬಂದವರು ಹೆಣ್ಣಿನ ಬಾಗಲ ದಾಟಿ ಹ್ವಾದ್ರ ಹಿಂದಕ ಬರಬಾರದಪ. ನಮ್ಮ ಮನಿತನದಾಗ ನಡೆದು ಬಂದದ್ದು ಅದು."

"ಅದು ಬ್ರೇಕಿನ ತಪ್ಪರಿ!"

"ಯಾರ ತಪ್ಪೋ, ದೇವರು ಬ್ಯಾಡ ಅಂದಾನ."

"ಅಜ್ಜೀ, ಅಕಿ ನೀರು ಹಿಡಕೊಂಡು ನಿಂತಿದ್ಲು. ಒಂದು ತಂಬಗಿ ನೀರಾರ ಕುಡದು ಹೋಗೂಣು" ಎಂದ ಮಾಸ್ತರ. ಒಂದೇ ಸಲ ಎಂದ. ಅಜ್ಜಿ ತಿರುಗಿ ನೋಡಿದರು. ಆತ ಧೋತರದ ಹೊಟ್ಟು ಕೊಡವಿಕೊಂಡು ಅವರ ಹಿಂದೆ ಬಸ್ಸು ನಿಲ್ಲುವ ಕಡೆ ನಡೆದ. ಶಾಲೆಯಲ್ಲಿ ಮಾಸ್ತರ, ಮನೆಯಲ್ಲಿ ಮೊಮ್ಮಗ. ಆತನನ್ನು ಬೈಯಲು ನನಗೆ ಯಾವ ಮುಖವಿತ್ತು?

ನಾನೊಬ್ಬನೇ ಮನೆಗೆ ಬಂದೆ. ನೀಲವ್ವ ಇನ್ನೂ ಹೊಸ್ತಿಲಲ್ಲೇ ಇದ್ದಳು.

"ಅವರು ಬರಂಗಿಲ್ಲೇನಪ್ಪ?"

"ಬಸ್ಸು ಸಿಕ್ತವ್ವ, ಹ್ವಾದ್ರು."

"ನಿನ್ನ ಕಾಲು ಧೂಳಾಗ್ಯಾವ" ಎಂದು ತಂಬಿಗೆಯ ನೀರನ್ನು ನನ್ನ ಕಾಲಿಗೆ ಹಾಕಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮರುದಿನ ಸಿಂಧನೂರಿನ ಮೇಸ್ತ್ರಿ ಖಾಜಾಸಾಬ ಬಂದು ಗಾಡಿಯ ಬ್ರೇಕು ಬಿಚ್ಚಿದ. ಮೂಸಿ ನೋಡಿದ. ಮತ್ತೊಮ್ಮೆ ಮೂಸಿದ.

"ಸಾವಕಾರ್ರ, ಇದರಾಗ ಒಗ್ಗರಣಿ ಹಾಕಿದವರು ಯಾರ್ರೀ? ರಬ್ಬರೆಲ್ಲ ಉಬ್ಬಿ ಅಂಟಿಕೊಂಡಾವ. ರಾಚಪ್ಪನೋರ ಗಾಡ್ಯಾಗೂ ಇದ ವಾಸನಿ!"

ಈರಮ್ಮ ಹೊರಗೆ ಬಂದು ಹಳದಿ ಅಂಟನ್ನು ಉಗುರಿನಿಂದ ಕೆರೆದು ನೋಡಿದಳು. "ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕರಿ, ಹೋಗ್ತದ" ಎಂದು ಒಳಗೆ ಹೋದಳು. ಈ ಸಲ ಗೆದ್ದವರು ಯಾರೆಂದು ನನಗೂ ತಿಳಿಯಿತು.

ಕೆಲವು ದಿನಗಳಾದ ಮೇಲೆ ನಮ್ಮ ರಪೋಟಿಗೆ ಉತ್ತರ ಬಂತು. ಬ್ರೇಕುಗಳಿಗೆ ಯಾವ ಎಣ್ಣೆ ಹಾಕಲಾಗಿತ್ತು, ಯಾರ ಸಲಹೆಯಂತೆ ಹಾಕಲಾಗಿತ್ತು ಎಂಬುದನ್ನು ಅಧ್ಯಕ್ಷರು ಖುದ್ದಾಗಿ ಬರೆದು ತಿಳಿಸತಕ್ಕದ್ದು. ಮತ್ತೆ ನೀಲವ್ವನನ್ನು ಕೂರಿಸಿದೆ.

"ಬರಿಯವ್ವ. ಎಣ್ಣೆ ಯಾವುದೆಂದು ನೆನಪಿರುವುದಿಲ್ಲ. ಸಲಹೆ ಕೊಟ್ಟವರು ಯಾರೆಂದು ತಿಳಿದುಬಂದಿರುವುದಿಲ್ಲ..."

ಅವಳು ಲೇಖನಿಯನ್ನು ಮಸಿಯಲ್ಲಿ ಅದ್ದಿ ಹಾಗೇ ಹಿಡಿದಳು.

"ಮದ್ಲಿನ ಸಲ ನೀ ಹೇಳಿದಷ್ಟ ಬರದ್ನೆಪ್ಪ. ಈ ಸಲ ಆಗಂಗಿಲ್ಲ."

ತಾನೇ ಬರೆದಳು, ಎರಡೇ ಸಾಲು. ಎಣ್ಣೆ: ಕುಸುಬಿ. ಸಲಹೆ: ನಮ್ಮ ಅಪ್ಪನದು.

ಅದೇ ಮುತ್ತಿನಂಥ ಅಕ್ಷರ. ಸಿಂಧನೂರಿನ ಶಾಲೆಯ ಹಲಗೆಯ ಮೇಲೆ ಇರಬೇಕಾದದ್ದು. ಕಾಗದವನ್ನು ನನ್ನ ಮುಂದೆ ಸರಿಸಿ ಲೇಖನಿ ಕೊಟ್ಟಳು. ನಾನು ಎರಡೂ ಸಾಲನ್ನು ಓದಿ ಕೆಳಗೆ ರುಜು ಹಾಕಿದೆ, ಅಧ್ಯಕ್ಷ ಎಂದು.