ಮೂರು ಹಬ್ಬ, ಒಂದು ಹಾರ್ಮೋನಿಯಂ

ಸರ್ಕಾರಿ ಶಾಲೆಯಲ್ಲಿ ಹಬ್ಬದ ಹಾಡು ಕಲಿಸುವವನಿಗೆ ನಗುವಿಗೇನೂ ಕೊರತೆಯಿಲ್ಲ. ವರ್ಷಕ್ಕೊಂದಾದರೂ ತಮಾಷೆ ಆಗಿಯೇ ತೀರುತ್ತದೆ. ನಾನು ಗುಂಡ್ಲುಪೇಟೆ, ಚಾಮರಾಜನಗರದ ಶಾಲೆಗಳಲ್ಲಿ ಸಂಗೀತ ಮೇಷ್ಟ್ರಾಗಿದ್ದು ನಿವೃತ್ತನಾದವನು. ಕೊನೆಯ ವರ್ಷದ ವಾರ್ಷಿಕೋತ್ಸವದ ಕತೆಯನ್ನಂತೂ ಮನೆಗೆ ಬಂದವರಿಗೆ ಕಾಫಿಗಿಂತ ಮೊದಲೇ ಕೊಡುತ್ತೇನೆ.

ಆ ವರ್ಷ ಗಣೇಶನ ಹಬ್ಬ, ರಂಜಾನ್, ಕ್ರಿಸ್‌ಮಸ್, ಮೂರಕ್ಕೂ ನಾನೇ ಹಾಡು ಬರೆದು ರಾಗ ಹಾಕಿದ್ದೆ. ಇಲಾಖೆಯ ಸಾಹೇಬರು ಮೊದಲೇ ಎಚ್ಚರಿಸಿದ್ದರು: “ದೇವರ ವಿಷಯ ಮೇಷ್ಟ್ರೇ. ಒಬ್ಬರು ತಕರಾರು ತೆಗೆದರೂ ನಿಮ್ಮ ಸಂಗೀತದ ಪೀರಿಯಡ್ ಗಣಿತಕ್ಕೆ ಹೋಗುತ್ತೆ.”

ಗಡಿಯಾರ ಹಿಡಿದ ಮೇಡಂ

ಹೆಡ್‌ಮೇಡಂ ಹೆದರಿಹೋದರು. ಪಿ.ಟಿ. ಮೇಷ್ಟ್ರ ಸ್ಟಾಪ್‌ವಾಚ್ ತಂದು ಅಭ್ಯಾಸಕ್ಕೇ ಬಂದು ಕೂತರು. ಎಲ್ಲ ದೇವರಿಗೂ ಸಮ ಸಮ ನಿಮಿಷ ಸಿಗಬೇಕು! ಅಳೆದು ನೋಡಿದರೆ ಗಣೇಶನಿಗೆ ಮೂರು, ರಂಜಾನಿಗೆ ಮೂರು, ಕ್ರಿಸ್‌ಮಸ್ಸಿಗೆ ಎರಡೂವರೆ.

“ಏಸುವಿಗೆ ಅರ್ಧ ನಿಮಿಷ ಕಮ್ಮಿ ಬಿತ್ತಲ್ಲ ಮೇಷ್ಟ್ರೇ!”

“ಈಗ ತಾನೇ ಹುಟ್ಟಿರೋ ಮಗು ಮೇಡಂ, ಅಷ್ಟು ಹೊತ್ತೆಲ್ಲ ಎಚ್ಚರ ಇರಲ್ಲ.”

ಹರವೆಯಿಂದ ಬಂದ ತಕರಾರು

ಎರಡು ದಿನ ಬಿಟ್ಟು ಹರವೆಯ ರೈತರೊಬ್ಬರು ಬೈಕ್ ನಿಲ್ಲಿಸಿ ನೇರ ಕ್ಲಾಸಿಗೇ ಬಂದರು. ಹಣೆ ತುಂಬ ವಿಭೂತಿ, ಕಣ್ಣು ಕೆಂಪು.

“ಏನ್ ಸಾ, ನಮ್ ಮಗೀಗೆ ಏಸಪ್ಪನ ಹಾಡು ಹೇಳ್ಕೊಟ್ಟಿದ್ದೀರಂತೆ?”

ಪೀರಿಯಡ್ ಗಣಿತಕ್ಕೆ ಹೋಯಿತು ಅಂದುಕೊಂಡೆ. “ಹೌದು ಸ್ವಾಮಿ, ಬೇಡ ಅನ್ನೋದಾದರೆ...”

“ಬ್ಯಾಡ ಅಂದೋರ್ಯಾರು? ಹಿಂದ್ಲ ಸಾಲ್ಗೆ ಯಾಕ್ ನಿಲ್ಲಿಸ್ಬುಟ್ರಿ? ಮನೇಲಿ ಹಾಡೀ ಹಾಡೀ ನಮ್ ಎಮ್ಮೆಗೂ ಬಾಯಿಪಾಠ ಆಗೋಗದೆ. ಮುಂದಕ್ಕೆ ತನ್ನಿ!”

ಹುಡುಗಿಯನ್ನು ಕರೆದು ಹಾಡಿಸಿ ನೋಡಿದೆ. ಏನು ಕಂಠ ಅಂತೀರಿ! ಅಂಥ ಕಂಠವನ್ನು ಹಿಂದೆ ನಿಲ್ಲಿಸಿದ್ದ ನನಗೇ ನಾಚಿಕೆಯಾಯಿತು. ಎಮ್ಮೆಯೊಂದನ್ನು ಬಿಟ್ಟು ಮಗಳನ್ನು ಮುಂದಕ್ಕೆ ತಂದೆ.

ಕೈ ಎತ್ತಿದ ಸಾಹೇಬರು

ವಾರ್ಷಿಕೋತ್ಸವದ ದಿನ ಮುಂದಿನ ಸಾಲಿನಲ್ಲಿ ಸಾಹೇಬರು, ಪಕ್ಕದಲ್ಲಿ ಚರ್ಚಿನ ಫಾದರ್, ಅವರ ಎದುರಿಗೇ ಹಾರ್ಮೋನಿಯಂ ಹಿಡಿದು ನಾನು. ಗಣೇಶ, ರಂಜಾನ್ ಎರಡೂ ಸುಸೂತ್ರ. ಮೂರನೆಯದಕ್ಕೆ ಆ ಹುಡುಗಿ ಮೈಕ್ ಹಿಡಿದಳು. ಮಕ್ಕಳ ನಾಲಿಗೆಗೆ ಸುಲಭವಾಗಲಿ ಅಂತ ಈ ಹಾಡಿಗೆ ನಮ್ಮ ಕಡೆಯ ಕಂಸಾಳೆಯ ಧಾಟಿಯನ್ನೇ ಹಾಕಿದ್ದೆ. ಮೊದಲ ಚರಣ ಮುಗಿದು ತಾಳ ನಿಂತಿತು.

ಇಡೀ ಮೈದಾನ ಕೂಗಿತು: “ಉಘೇ ಉಘೇ!”

ಕಂಸಾಳೆಯವರ ಮಾದಪ್ಪನ ಪದ ಕೇಳಿ, ಚರಣಕ್ಕೊಂದು ಜೈಕಾರ ಹಾಕಿ ಬೆಳೆದ ಜನ. ಆ ಧಾಟಿ ಬಂದು ನಿಂತ ಕೂಡಲೇ ಉಘೇ ಅನ್ನದಿದ್ದರೆ ಉಸಿರೇ ಕಟ್ಟುತ್ತದೆ. ಎರಡನೇ ಚರಣಕ್ಕೆ ಇನ್ನೂ ಜೋರು. ಹಾರ್ಮೋನಿಯಂ ನುಡಿಸುತ್ತಲೇ ಮೆಲ್ಲಗೆ ಸಾಹೇಬರತ್ತ ನೋಡಿದೆ.

ಕಣ್ಣು ಮುಚ್ಚಿ, ಎರಡೂ ಕೈ ಎತ್ತಿ, ಎಲ್ಲರಿಗಿಂತ ಗಟ್ಟಿಯಾಗಿ “ಉಘೇ” ಅನ್ನುತ್ತಿದ್ದರು! ಎಷ್ಟಾದರೂ ಅವರೂ ಇದೇ ಸೀಮೆಯ ಕುದೇರಿನ ಕಡೆಯವರು.

ಮೈಮೇಲೆ ಎಚ್ಚರ ಬಂದು ಸರಕ್ಕನೆ ಕೈ ಇಳಿಸಿದರು. ನನ್ನತ್ತ ಬಗ್ಗಿ, “ನಿಮ್ಮ ಪೀರಿಯಡ್ ಯಾರೂ ಮುಟ್ಟಲ್ಲ ಮೇಷ್ಟ್ರೇ. ಇದನ್ನ ಮಾತ್ರ ಯಾರಿಗೂ ಹೇಳಬೇಡಿ” ಅಂದರು.

ಫಾದರ್ ಮೊಣಕೈಯಿಂದ ಸಾಹೇಬರನ್ನು ತಿವಿದರು. “ಮಾತು ಆಮೇಲೆ ಸಾರ್, ಇನ್ನೊಂದು ಚರಣ ಇದೆ. ಕೈ ಎತ್ತಿ!”