ಪಾದ್ರಿ ಓಟಿಗೆ ನಿಂತಿದ್ದು

ಪಾದ್ರಿ ಎದುರಿಗೆ ಬಂದರೆ ಜನರ ತಲೆಯಲ್ಲಿ ಏನು ಓಡುತ್ತದೆ ಅನ್ನೋದು ನನಗೆ ಇವತ್ತಿಗೂ ಪೂರ್ತಿ ತಿಳಿದಿಲ್ಲ. ತಿಳಿಯೋಣ ಅಂತ ಕೆದಕಿದಾಗಲೆಲ್ಲ ಏನಾದರೊಂದು ಫಜೀತಿ. ಎಪ್ಪತ್ತರ ದಶಕದಲ್ಲಿ ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ಸಣ್ಣಸಣ್ಣ ಬ್ಯಾಪ್ಟಿಸ್ಟ್ ಸಭೆಗಳನ್ನು ಸೈಕಲ್ಲಲ್ಲಿ, ರೈಲಲ್ಲಿ ಸುತ್ತಿ ನೋಡಿಕೊಳ್ಳುತ್ತಿದ್ದೆ. ಎಂಬತ್ತರ ದಶಕದಲ್ಲಿ ಪುರಸಭೆ ಮೆಂಬರೂ ಆದೆ. ಯಾವ ಊರಿನದು ಅಂತ ಹೇಳಲ್ಲ; ಆಗಿನ ಮೆಂಬರುಗಳಲ್ಲಿ ಕೆಲವರು ಇನ್ನೂ ಗಟ್ಟಿಮುಟ್ಟಾಗಿದ್ದಾರೆ.

ಕೆರೆಯಲ್ಲಿ ಕೊಲೆ

ನಮ್ಮಲ್ಲಿ ದೀಕ್ಷಾಸ್ನಾನ ಅಂದರೆ ಹಣೆಗೆ ನೀರು ಚಿಮುಕಿಸಿದರೆ ಸಾಲದು. ಬುದ್ಧಿ ಬಂದ ಮೇಲೆ ಒಪ್ಪಿ ಬಂದವರನ್ನು ಪೂರ್ತಿ ನೀರಲ್ಲಿ ಮುಳುಗಿಸಿ ಎತ್ತಬೇಕು. ಒಂದು ಸಲ ನಮ್ಮ ಸಭೆಯ ರೈಲ್ವೆ ಗ್ಯಾಂಗ್‌ಮನ್ ಒಬ್ಬನನ್ನು ಬುಕ್ಕಾಂಬುಧಿ ಕೆರೆಗೆ ಕರೆದುಕೊಂಡು ಹೋದೆ. ಆಳು ಆನೆಯ ಹಾಗೆ; ನಾನು ಅವನ ಭುಜಕ್ಕೆ ಬರ್ತೀನಿ. ಮುಳುಗಿಸಿದ್ದೇನೋ ಸಲೀಸಾಗಿ ಆಯಿತು. ಎತ್ತೋಕೆ ಹೋದರೆ ಮೇಲೆ ಬರ್ತಿಲ್ಲ!

ಏರಿ ಮೇಲೆ ಎಮ್ಮೆ ಮೇಯಿಸ್ತಿದ್ದವನು ಇದನ್ನು ನೋಡಿ, "ಕೊಲೆ ಕಣ್ರೋ!" ಅಂತ ಕಿರುಚಿ ಧುಮುಕಿಯೇ ಬಿಟ್ಟ. ಗ್ಯಾಂಗ್‌ಮನ್ನನ್ನು ದಡಕ್ಕೆ ಎಳೆದು ಹಾಕಿ ನನ್ನ ಕಡೆ ತಿರುಗಿದ.

"ಏನ್ರೀ, ಬಿಳೀ ಬಟ್ಟೆ ಹಾಕ್ಕೊಂಡು ಮಾಡೋ ಕೆಲಸವಾ ಇದು? ಜಗಳ ಇದ್ರೆ ಕೋರ್ಟಿಗೋಗಿ!"

ಗ್ಯಾಂಗ್‌ಮನ್ ಕೆಮ್ಮುತ್ತಲೇ, "ಸುಮ್ನಿರಣ್ಣ, ನಾನೇ ಮುಳುಗಿಸಿ ಅಂದಿದ್ದು" ಅಂದ.

ನಾನು ಸಮಾಧಾನವಾಗಿ ಬಿಡಿಸಿ ಹೇಳಿದೆ. "ಹಳೇ ಮನುಷ್ಯ ಒಳಗೆ ಹೋಗಿ ಹೊಸ ಮನುಷ್ಯ ಎದ್ದು ಬರ್ತಾನೆ ಅಂತ ನಮ್ಮ ನಂಬಿಕೆ ಕಣಪ್ಪ."

ಎಮ್ಮೆ ಮೇಯಿಸ್ತಿದ್ದವನು ತಲೆ ಒರೆಸಿಕೊಂಡ. ಆಮೇಲೆ ಮೆಲ್ಲಗೆ, "ಸ್ವಾಮಿ, ಇಲ್ಲೇ ಇರಿ. ನಮ್ಮ ಮಾವನ್ನ ಕರ್ಕೊಂಡು ಬತ್ತೀನಿ. ಅವನನ್ನ ಮಾತ್ರ ಒಸಿ ಹೆಚ್ಚು ಹೊತ್ತು ಒಳಗೇ ಇಟ್ಕೊಳ್ಳಿ" ಅಂದ.

ಕೆಸರು

ರಾಜಕೀಯಕ್ಕೆ ನಾನು ಬಂದಿದ್ದು ನೀರಿಗಾಗಿ. ನಾವಿದ್ದ ಬೀದಿಗೆ ನಲ್ಲಿ ಇರಲಿಲ್ಲ. ಹೆಂಗಸರು ಮೂರು ಬೀದಿ ದಾಟಿ, ಬೈಸಿಕೊಂಡು ನೀರು ತರಬೇಕು. ಭಾನುವಾರದ ಆರಾಧನೆಯಲ್ಲಿ ನನ್ನ ಪ್ರಸಂಗ, ಅಂದರೆ ಉಪದೇಶ, ಮುಗಿಯೋ ಹೊತ್ತಿಗೆ ಅವರು ಸೆರಗಲ್ಲಿ ಮುಖ ಒರೆಸಿಕೊಳ್ಳುತ್ತಾ ಒಳಗೆ ಬರೋರು. ಪುರಸಭೆ ಆಫೀಸಿಗೆ ಹೋಗಿ ಕೇಳಿದರೆ, "ನಿಮ್ಮ ಮೆಂಬರಿಗೆ ಹೇಳಿ ಸ್ವಾಮಿ" ಅನ್ನೋರು. ಮೆಂಬರು ತೆಂಗಿನಕಾಯಿ ವ್ಯಾಪಾರಿ; ಯಾವಾಗ ಹೋದರೂ ಅರಸೀಕೆರೆಗೆ ಹೋಗಿದ್ದಾರೆ ಅನ್ನೋ ಉತ್ತರ. ಕೊನೆಗೆ ನಾನೇ ಅವರ ಎದುರು ಓಟಿಗೆ ನಿಲ್ತೀನಿ ಅಂದೆ.

ಸಭೆಯ ಹಿರಿಯರು ಮನೆಗೇ ಬಂದರು. "ಅಯ್ಯನೋರೇ, ಬೇಡ. ರಾಜಕೀಯ ಅಂದ್ರೆ ಬರೀ ಕೆಸರು."

ಒಳಗಿಂದ ನನ್ನ ಹೆಂಡತಿ ಖಾಲಿ ಕೊಡ ಎತ್ತಿಕೊಂಡು ಹೊರಗೆ ಬಂದಳು. "ಕೆಸರು ಅಂದ್ರೆ ಅಲ್ಲಿ ನೀರಿದೆ ಅಂತ ಆಯ್ತಲ್ಲ. ಹೋಗ್ಲಿ ಬಿಡ್ರಿ."

ಅಜ್ಜಿಯ ಓಟು

ಮನೆಮನೆಗೆ ಓಟು ಕೇಳೋಕೆ ಹೊರಟಾಗ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಜ್ವರದಿಂದ ಮಲಗಿದ್ದರು. ಬಾಗಿಲಲ್ಲಿ ನನ್ನನ್ನು ಕಂಡದ್ದೇ ತಡ, "ಅಯ್ಯೋ, ಪಾದ್ರಿಗೇ ಹೇಳಿ ಕಳ್ಸಿದೀರಾ? ನನ್ನ ಕತೆ ಮುಗೀತೇನ್ರೋ?" ಅಂತ ಅಳೋಕೆ ಶುರು ಮಾಡಿದರು.

ನಾನು ಗಾಬರಿಯಾಗಿ, "ಇಲ್ಲ ತಾಯಿ! ಓಟು ಕೇಳೋಕೆ ಬಂದೆ" ಅಂದೆ.

ಅಳು ಟಕ್ಕನೆ ನಿಂತಿತು. "ಎಲೆಕ್ಷನ್ ಯಾವಾಗ?"

"ಬರೋ ತಿಂಗಳು."

"ನೋಡ್ದೇನೇ," ಅಂದರು ಸೊಸೆಗೆ. "ಬರೋ ತಿಂಗಳವರೆಗೂ ನಾನಿರ್ತೀನಿ ಅಂತ ಅವರಿಗೆ ಗೊತ್ತಾಗಿದೆ. ಗಂಜಿ ತಗೊಂಬಾ!"

ಅವತ್ತಿನಿಂದ ಅಜ್ಜಿ ಚೇತರಿಸಿಕೊಂಡು, ಎಲೆಕ್ಷನ್ ದಿನ ನಡೆದುಕೊಂಡೇ ಬಂದು ಓಟು ಹಾಕಿದರು. ಕೈ ಮುಗಿದು ವಿಚಾರಿಸಿದೆ. ನನ್ನ ಕೈ ಹಿಡಿದುಕೊಂಡು, "ಜೀವ ಉಳಿಸಿದ ಪುಣ್ಯಾತ್ಮ ನೀನು, ನಿನಗೆ ಸುಳ್ಳು ಹೇಳಬಾರದು. ಓಟು ಕಾಯಿ ವ್ಯಾಪಾರಿಗೆ ಹಾಕ್ದೆ ಕಣಪ್ಪಾ. ನಮ್ಮ ಬೀಗರು ಅವರು" ಅಂದರು.

ಹೇಗೋ, ಅಜ್ಜಿಯ ಓಟಿಲ್ಲದೆಯೂ ಗೆದ್ದೆ.

ಮೊದಲನೇ ಮೀಟಿಂಗು

ನಮ್ಮ ಬೀದಿಯ ನಲ್ಲಿ ವಿಷಯ ಮೊದಲ ಮೀಟಿಂಗಿಗೇ ಬಂತು. ಪೇಟೆ ಬೀದಿಯ ಮೆಂಬರೊಬ್ಬರು, ವಯಸ್ಸಾದ ಜೋಯಿಸರು, "ಆ ಪೈಪು ನಮ್ಮ ಬೀದಿಗೇ ಬರಬೇಕು" ಅಂತ ಹಟ ಹಿಡಿದು, ಅರ್ಧ ಮೆಂಬರುಗಳನ್ನು ತಮ್ಮ ಕಡೆ ಮಾಡಿಕೊಂಡಿದ್ದರು. ಸೋತರೆ ಮನೆಗೆ ಯಾವ ಮುಖ ಇಟ್ಟುಕೊಂಡು ಹೋಗಲಿ?

ಎದ್ದು ನಿಂತೆ. ಗೊತ್ತಿರೋದು ಪ್ರಸಂಗ ಒಂದೇ. ಹೆಂಗಸರ ಕಷ್ಟ ಹೇಳ್ತಾ ಹೇಳ್ತಾ ಎಲ್ಲಿದ್ದೀನಿ ಅನ್ನೋದೇ ಮರೆತು, ಎರಡೂ ಕೈ ಮೇಲೆತ್ತಿ ರಾಗವಾಗಿ ಮುಗಿಸಿದೆ: "ಆ ತಾಯಂದಿರ ಕೊಡಗಳು ತುಂಬಲಿ, ಅವರ ಮನೆಗಳು ತಣ್ಣಗಿರಲಿ..."

ನನ್ನ ಪಕ್ಕದಲ್ಲಿ ತೂಕಡಿಸುತ್ತಿದ್ದ ಸಾಬರು, ಸಾಮಿಲ್ ಮಾಲೀಕರು, ಕಣ್ಣು ಮುಚ್ಚಿಕೊಂಡೇ "ಆಮೀನ್" ಅಂದರು. ಹಿಂದಿನಿಂದ ಇನ್ನಿಬ್ಬರು "ಹಂಗೇ ಆಗ್ಲಪ್ಪ" ಅಂದರು. ಎದುರಿನ ಸಾಲಿನಿಂದ ಗಂಭೀರವಾದ ದನಿಯೊಂದು ಬಂತು: "ತಥಾಸ್ತು."

ಅಧ್ಯಕ್ಷರು ಮೇಜು ಕುಟ್ಟಿದರು. "ಸರ್ವಾನುಮತ! ಪಾಸು!"

ಜೋಯಿಸರು ಬೆಚ್ಚಿ ಎದ್ದು ನಿಂತರು. "ನನ್ನ ವಿರೋಧ ಇದೆ ಸ್ವಾಮಿ!"

"ತಥಾಸ್ತು ಅಂದಿದ್ದು ನೀವೇ ತಾನೇ?"

"ಅದು ಬಾಯಿ ಅಭ್ಯಾಸ ಕಣ್ರೀ!"

ಕೋಣೆಯೆಲ್ಲ ನಗು. ಸಾಬರಿಗೂ ಪೂರ್ತಿ ಎಚ್ಚರವಾಯಿತು. ಜೋಯಿಸರು ನನ್ನ ಮುಖ ನೋಡದೆ ಹೊರಟು ಹೋದರು.

ನಲ್ಲಿ ಬಂತು. ಮೊದಲ ಕೊಡ ತುಂಬಿದ ದಿನ ಬೀದಿಯವರೆಲ್ಲ ಸೇರಿದ್ದರು, ನನ್ನ ಹೆಂಡತಿ ಅತ್ತೇಬಿಟ್ಟಳು. ಅಷ್ಟರಲ್ಲಿ ಕೊರಳಿಗೆ ತಾವೇ ಹಾರ ಹಾಕಿಕೊಂಡು ಜೋಯಿಸರು ಬಂದರು. ಕಟ್ಟೆ ಹತ್ತಿ ಭಾಷಣಕ್ಕೆ ನಿಂತರು.

"ಮಹಾಜನರೇ, ಪಾದ್ರಿಗಳು ಬರೀ ಬೇಡಿಕೊಂಡರು. ಆಗಲಿ ಅಂತ ವರ ಕೊಟ್ಟೋನು ಯಾರು? ನಾನು!"

ಜನ ನನ್ನ ಕಡೆ ನೋಡಿದರು. ಸುಳ್ಳು ಅನ್ನೋ ಹಾಗಿರಲಿಲ್ಲ. ಮೊದಲು ಚಪ್ಪಾಳೆ ತಟ್ಟಿದವನು ನಾನೇ.